ಬಾದಾಮಿ ಅಂದ್ರೆ ನಾಲ್ಕು ಗುಹೆ ಅಷ್ಟೇನಾ?

ಬಾದಾಮಿ ಬಗ್ಗೆ ನಮ್ಮಲ್ಲಿ ಬರುವ ಪ್ರವಾಸ ಬರಹಗಳನ್ನು ಒಂದು ನಾಲ್ಕು ಓದಿಬಿಟ್ಟರೆ ಐದನೆಯದನ್ನು ನೀವೇ ಬರೆಯಬಹುದು. ಮೊದಲ ಪ್ಯಾರಾದಲ್ಲಿ ಬೆಂಗಳೂರಿನ ಟ್ರಾಫಿಕ್ಕು, ಆಫೀಸಿನ ಬೇಸರ. ಎರಡನೆಯದರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್. ಮೂರನೆಯದರಲ್ಲಿ ಖಾನಾವಳಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜ, ಎರಡನೆಯದರ ತ್ರಿವಿಕ್ರಮ, ಮೂರನೆಯದರ ಶೇಷನ ಮೇಲೆ ಕೂತ ವಿಷ್ಣು, ನಾಲ್ಕನೆಯದರ ತೀರ್ಥಂಕರರು. ಮಂಗ ಕಿತ್ತುಕೊಂಡ ಚಿಪ್ಸ್ ಪ್ಯಾಕೆಟ್ಟು. ಕೊನೆಗೆ ಅಗಸ್ತ್ಯ ತೀರ್ಥದ ದಂಡೆ ಮೇಲೆ ಸೂರ್ಯಾಸ್ತ, "ಇಲ್ಲಿ ಕಲ್ಲುಗಳು ಹಾಡುತ್ತವೆ" ಅನ್ನೋ ಥರದ ಒಂದು ಸಾಲು. ಮುಗೀತು.

ನಗಬೇಡಿ. ಇಂಥದ್ದೊಂದನ್ನು ನಾನೂ ಬರೆದಿದ್ದೇನೆ. ಅದಕ್ಕೆ ಬಂದ ಮೆಚ್ಚುಗೆ ನೋಡಿ ಖುಷಿಯನ್ನೂ ಪಟ್ಟಿದ್ದೇನೆ. ಹಾಗಾಗಿ ಈ ತಕರಾರು ಮೊದಲು ನನ್ನ ಮೇಲೆಯೇ.

ತಕರಾರು ಏನಪ್ಪಾ ಅಂದ್ರೆ, ಈ ಬರಹಗಳಲ್ಲಿ ಗುಹೆಗಳಿವೆ, ಬೆಟ್ಟವಿಲ್ಲ. ಕೋಟೆ ಬಂದರೂ ಅದು ಫೋಟೋ ತೆಗೆಯೋಕೆ ಹತ್ತುವ ಜಾಗವಾಗಿ ಬರುತ್ತದೆ. ಕಾಡಂತೂ ಇಲ್ಲವೇ ಇಲ್ಲ. ಒಂದು ದೊಡ್ಡ ಪುಸ್ತಕದಿಂದ ನಾಲ್ಕು ಬಣ್ಣದ ಚಿತ್ರಪುಟ ಹರಿದುಕೊಂಡು, ಉಳಿದ ಪುಟಗಳನ್ನು ಅಲ್ಲೇ ಬಿಟ್ಟು ಬಂದ ಹಾಗೆ.

ನಮ್ಮೂರು ಬೀಳಗಿ ತಾಲೂಕಿನ ಬಾಡಗಂಡಿ. ಅಲ್ಲಿಂದ ಬಾದಾಮಿ ನಮಗೆ ಟ್ರಿಪ್ ಅಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ. ಅನಗವಾಡಿ ಹತ್ತಿರ ಘಟಪ್ರಭೆಯ ಸೇತುವೆ, ಗದ್ದನಕೇರಿ ಕ್ರಾಸು, ಕೆರೂರು, ಆಮೇಲೆ ಎಡಕ್ಕೆ. ದಾರಿಯುದ್ದಕ್ಕೂ ಎರೆಮಣ್ಣು, ಕಬ್ಬು, ಜೋಳ. ಬಾದಾಮಿ ಹತ್ತಿರ ಬಂದಂತೆ ಮಣ್ಣು ಕೆಂಪಾಗಿ ನೆಲ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಹೋದ ಚಳಿಗಾಲದಲ್ಲಿ ತಂಗಿಯ ಮಗನನ್ನು ಕರಕೊಂಡು ಹೋಗಿದ್ದೆ. ಅವನಿಗೆ ಇಪ್ಪತ್ಮೂರು. ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಸದಾ ಫೋನು. "ಮಾಮಾ, ನಾಕು ಗುಹಾ ಒಂದ್ ತಾಸಿನ್ಯಾಗ ಮುಗಸೂಣು, ಮುಂದ ಪಟ್ಟದಕಲ್ಲು" ಅಂದ. ನಾನು ಬಿಡಲಿಲ್ಲ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಇದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ಹೊತ್ತು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಯಾಗಿದ್ದು. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ನಮ್ಮ ಪಕ್ಕದ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಹತ್ತಿರದಿಂದ ನೋಡಿದರೆ ಓರೆಯಾಗಿ ಹಾಸಿದ ಗೆರೆಗಳು ಕಾಣುತ್ತವೆ. ಅದು ಅಂದಿನ ನೀರು ಹರಿದ ದಿಕ್ಕು. ಕಬ್ಬಿಣದ ಅಂಶದಿಂದ ಕೆಂಪು ಬಣ್ಣ. ಪದರಗಳು ಅಡ್ಡಕ್ಕೆ ಸಾಗಿ, ಬಿರುಕುಗಳು ನೆಟ್ಟಗೆ ಇಳಿದಿರುವುದರಿಂದ ಬೆಟ್ಟ ಗೋಡೆಯ ಹಾಗೆ ಸೀಳಿ ನಿಂತಿದೆ. ಉಳಿಗೆ ಬಗ್ಗುವಷ್ಟು ಮೆದು, ಚಾವಣಿ ಹೊರುವಷ್ಟು ಗಟ್ಟಿ. ಇಂಥ ಕಲ್ಲು ಸಿಕ್ಕವನಿಗೆ ಎರಡು ಆಸೆ ಹುಟ್ಟುತ್ತವೆ. ಒಂದು, ಮೇಲೆ ಕೋಟೆ ಕಟ್ಟೋಣ. ಇನ್ನೊಂದು, ಒಳಗೆ ಮನೆ ಕೊರೆಯೋಣ.

ಚಾಲುಕ್ಯರು ಮಾಡಿದ್ದೂ ಅದೇ ಕ್ರಮದಲ್ಲಿ. ಕೆರೆಯ ಉತ್ತರದ ಬೆಟ್ಟದ ಬಂಡೆಯೊಂದರ ಮೇಲೆ ಒಂದನೇ ಪುಲಕೇಶಿಯ ಶಾಸನವಿದೆ. ಶಕ ವರ್ಷ 465, ಅಂದರೆ ಕ್ರಿ.ಶ. 543. ಬೆಟ್ಟಗಳಲ್ಲೇ ಹಿರಿದಾದ ವಾತಾಪಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಭೇದಿಸಲಾಗದ ಕೋಟೆಯಾಗಿಸಿದೆ ಅನ್ನುವುದು ಅದರ ಸಾರ. ಮಂಗಳೇಶನ ಮೂರನೇ ಗುಹೆಯ ಕಾಲ 578. ನಡುವೆ ಮೂವತ್ತೈದು ವರ್ಷ. ಅಂದರೆ ನಾವು ನೋಡೋಕೆ ಹೋಗುವ ಈ ಕಲೆ ಕೋಟೆಯ ಬೆನ್ನಿಗೆ ಬಂದದ್ದು. ಹೊಸದಾಗಿ ತಲೆಯೆತ್ತಿದ ಮನೆತನ, ಮೊದಲು ಬೆನ್ನಿಗೆ ಬಂಡೆ ಆನಿಸಿಕೊಂಡು, ಕಾವಲು ಹಾಕಿಕೊಂಡು, ಆಮೇಲೆ ದೇವರನ್ನು ಕೆತ್ತಿಸಿತು. ಇದನ್ನು ಬಿಟ್ಟು ಗುಹೆ ನೋಡಿದರೆ ಮೂರು ಲೋಕ ಅಳೆಯುವ ತ್ರಿವಿಕ್ರಮ, ಭೂಮಿಯನ್ನು ಎತ್ತಿಕೊಂಡ ವರಾಹ ಬರೀ ಪುರಾಣದ ಕಥೆಗಳು. ಕೋಟೆಯನ್ನು ನೆನಪಿಟ್ಟುಕೊಂಡು ನೋಡಿ. ನೆಲ ಅಳೆಯುವ, ನೆಲ ಎತ್ತುವ ದೇವರುಗಳೇ ಯಾಕೆ ಅಷ್ಟು ದೊಡ್ಡದಾಗಿ ನಿಂತಿದ್ದಾರೆ ಅನ್ನೋದು ನನಗಂತೂ ಆಗ ಹೊಳೆಯಿತು.

ಮೂರನೇ ಗುಹೆಯ ಹೊರಗೆ ಸಂಸ್ಕೃತವಲ್ಲದೆ ಕನ್ನಡದ ಒಂದು ಪುಟ್ಟ ಶಾಸನವೂ ಇದೆ. ನಮ್ಮ ಭಾಷೆಯ ಅತಿ ಹಳೆಯ ಬರಹಗಳ ಸಾಲಿನಲ್ಲಿ ನಿಲ್ಲುವಂಥದ್ದು. ಬಹುತೇಕ ಜನ ಅದಕ್ಕೆ ಬೆನ್ನು ಮಾಡಿ ನಿಂತೇ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಗುಹೆ ಅನ್ನುವ ಪದವೇ ಇಲ್ಲ. 'ಕಲ್ಮನೆ' ಅಂತಿದೆ. ಕಲ್ಲಿನ ಮನೆ! ಮಂಗಳೇಶ ಈ ಕಲ್ಮನೆಗೆ ಲಂಜಿಗೇಸರ ಅನ್ನುವ ಹಳ್ಳಿಯನ್ನು ಬಿಟ್ಟುಕೊಟ್ಟಿದ್ದಾನೆ. ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೂ ಅದರಲ್ಲಿ ಪಾಲಿದೆ. ರಾಜನ ಯಜ್ಞ, ವಂಶದ ಹಿರಿಮೆ ಸಂಸ್ಕೃತದಲ್ಲಿ. ಹೂ ಕಟ್ಟುವವನ ಹೊಟ್ಟೆಪಾಡು ಕನ್ನಡದಲ್ಲಿ. ಕೊನೆಗೊಂದು ಶಾಪ: ಇದನ್ನು ಕೆಡಿಸಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳು.

"ಏಳನೇ ನರಕಾ? ಅದೂ ಹುಳಾ?" ಅಂತ ಹುಡುಗ ನಕ್ಕ. ಮೊದಲ ಸಲ ಫೋನು ಕಿಸೆಗಿಳೀತು. ಪಕ್ಕದಲ್ಲೇ ಯಾರೋ ಕೀಲಿಕೈಯಿಂದ ಹೃದಯ ಕೊರೆದು ಎರಡು ಇನಿಷಿಯಲ್ ಬರೆದಿದ್ದರು. ನಾನು ಅದನ್ನು ತೋರಿಸಿ, ನಮ್ಮ ಜನಕ್ಕೆ ಬುದ್ಧಿ ಯಾವಾಗ ಬರುತ್ತೋ ಅಂತ ಒಂದು ಭಾಷಣವನ್ನೇ ಹೊಡೆದೆ. ಈ ಭಾಷಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ಇಲ್ಲಿ ಹೆಸರು ಬರೆದವರೆಲ್ಲ ಕಿಡಿಗೇಡಿಗಳೂ ಅಲ್ಲ. ಗುಹೆಗಳಲ್ಲಿ, ಸುತ್ತಲ ಬಂಡೆಗಳ ಮೇಲೆ ಶಿಲ್ಪಿಗಳ ಹೆಸರುಗಳಿವೆ. ಕೋಳಿಮಂಚಿ ಅನ್ನುವವನದು ಅವುಗಳಲ್ಲಿ ಒಂದು. ಬಿರುದಿಲ್ಲ, ವಂಶಾವಳಿ ಇಲ್ಲ, ಬರೀ ಹೆಸರು. ಅವನ ಕೆಲಸ ಸುತ್ತಲೂ ನಿಂತಿರುವಾಗ ಅವನಿಗೆ ಬೇರೆ ಪರಿಚಯ ಬೇಕಾಗಿರಲಿಲ್ಲ. ನಮ್ಮ ಬರಹಗಳು ಶಿಲ್ಪವನ್ನು ಪುಟಗಟ್ಟಲೆ ಹೊಗಳಿ, ಕೊನೆಗೆ 'ಅನಾಮಿಕ ಶಿಲ್ಪಿಗೆ ನಮನ' ಅಂತ ಮುಗಿಯುತ್ತವಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಹೆಸರು ಬರೆದಿಟ್ಟು ಹೋದವನನ್ನೂ ಅನಾಮಿಕ ಮಾಡಿದವರು ನಾವು.

ಎರಡನೇ ಮತ್ತು ಮೂರನೇ ಗುಹೆಗಳ ನಡುವೆ ದಕ್ಷಿಣದ ಕೋಟೆಗೆ ಏರುವ ಮೆಟ್ಟಿಲುಗಳಿವೆ. ಟಿಪ್ಪು ಕಾಲದ ಫಿರಂಗಿ ಇರುವುದು ಅಲ್ಲಿ. ಆದರೆ ಗೇಟಿಗೆ ಬೀಗ. ಕಡಿದಾದ ಜಾಗ, ಜೀವದ ಪ್ರಶ್ನೆ, ಬೀಗ ಹಾಕಿದ್ದನ್ನು ತಪ್ಪು ಅನ್ನಲಾರೆ. ಆದರೆ ಆ ಬೀಗ ನಮ್ಮ ನೋಟಕ್ಕೂ ಬಿದ್ದಿದೆ. ಗುಹೆಗಳ ನೆತ್ತಿಯ ಮೇಲೇ ಒಂದು ಕೋಟೆ ಇದೆ ಅನ್ನೋದು ಕೆಳಗೆ ಓಡಾಡುವ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಇದಕ್ಕಾಗಿ ಕಾದಾಡಿದವರಿದ್ದಾರೆ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೇನೆ ಟಿಪ್ಪುವಿನವರಿಂದ ಬಾದಾಮಿಯನ್ನು ಕಿತ್ತುಕೊಂಡಿತು. 1818ರಲ್ಲಿ ಬ್ರಿಟಿಷರ ಮನ್ರೋ ವಶಪಡಿಸಿಕೊಂಡ.

ನಾವು ಕೆರೆ ಸುತ್ತಿ ಉತ್ತರದ ಬೆಟ್ಟ ಹತ್ತಿದೆವು. ಮ್ಯೂಸಿಯಂ ಪಕ್ಕದಿಂದ ದಾರಿ. ಎರಡು ಕಡೆ ಕೆಂಪು ಬಂಡೆ ಆಕಾಶದವರೆಗೆ, ನಡುವೆ ಸಂದಿ. ಡಿಸೆಂಬರಿನ ಮಧ್ಯಾಹ್ನದಲ್ಲೂ ಅಲ್ಲಿ ತಂಪು. ಕೋಟೆ ಕಟ್ಟಿದವನ ಜಾಣತನ ಕಾಲಿಗೆ ಗೊತ್ತಾಗುವುದು ಇಲ್ಲೇ. ಇಬ್ಬರು ಸಾಲಾಗಿ ಬರುವಷ್ಟೇ ಜಾಗ, ಮೇಲೆ ನಿಂತವನಿಗೆ ಕಲ್ಲು ಉರುಳಿಸಿದರೆ ಸಾಕು. ಹತ್ತುತ್ತಾ ಕೆಳಗಿನ ಶಿವಾಲಯ, ಧಾನ್ಯ ತುಂಬುತ್ತಿದ್ದ ಕಣಜಗಳು, ಕಾವಲು ಹುಡೇವು, ನೆತ್ತಿಯಲ್ಲಿ ಮೇಲಿನ ಶಿವಾಲಯ. ಹೆಸರು ಶಿವಾಲಯ, ಆದರೆ ಗೋಡೆ ಮೇಲೆ ಗೋವರ್ಧನ ಎತ್ತಿದ ಕೃಷ್ಣ. ಅಲ್ಲಿಂದ ಕೆರೆಯಾಚೆ ನೋಡಿದರೆ ನಾಲ್ಕು ಗುಹೆಗಳು ಬೆಟ್ಟದ ಮೈಯಲ್ಲಿ ನಾಲ್ಕು ಸಣ್ಣ ಕಪ್ಪು ಬಾಯಿ. ಅವುಗಳ ಅಳತೆ ಏನು ಅಂತ ಸರಿಯಾಗಿ ಗೊತ್ತಾಗಬೇಕಾದರೆ ಇಲ್ಲಿಂದ ನೋಡಬೇಕು.

ಭೇದಿಸಲಾಗದ ಕೋಟೆ ಅಂದರಲ್ಲ, ಅದನ್ನು 642ರಲ್ಲಿ ಪಲ್ಲವರ ನರಸಿಂಹವರ್ಮ ಭೇದಿಸಿದ. ಪುಲಕೇಶಿಯ ಶಾಸನಕ್ಕೆ ಆಗ ಸರಿಯಾಗಿ ತೊಂಬತ್ತೊಂಬತ್ತು ವರ್ಷ. ಇಲ್ಲಿನ ಬಂಡೆಯೊಂದರ ಮೇಲೆ ಅವನೂ ತನ್ನ ಶಾಸನ ಕೆತ್ತಿಸಿ, 'ವಾತಾಪಿಕೊಂಡ' ಅನ್ನಿಸಿಕೊಂಡು ಹೋದ. ಇವತ್ತು ಆ ಅಕ್ಷರಗಳು ಸವೆದು ತುಂಡುತುಂಡಾಗಿವೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆಯ ಬಂಡೆ ಮೇಲೆ ಇನ್ನೊಬ್ಬನಿದ್ದಾನೆ, ಕಪ್ಪೆ ಅರಭಟ್ಟ. ಸುಮಾರು 700ರ ಹೊತ್ತಿನ ಶಾಸನ. ಕನ್ನಡದ ತ್ರಿಪದಿ ಮೊದಲು ಸಿಗುವುದು ಅದರಲ್ಲಿ. ಅವನು ಯಾವ ಯುದ್ಧ ಗೆದ್ದ, ಯಾವ ಊರು ಆಳಿದ ಅನ್ನುವ ಪಟ್ಟಿ ಅಲ್ಲಿಲ್ಲ. ಒಳ್ಳೆಯವರಿಗೆ ಒಳ್ಳೆಯವನಾಗಿದ್ದ, ಕೆಣಕಿದವರಿಗೆ ಕಲಿಯುಗದ ಕಷ್ಟವೇ ಆಗಿದ್ದ ಅನ್ನುವ ಸ್ವಭಾವ ಮಾತ್ರ ಇದೆ. ಸಾಮ್ರಾಟರ ಊರಿನಲ್ಲಿ ಜನರ ಬಾಯಲ್ಲಿ ಉಳಿದ ಸಾಲುಗಳು ಇವನವು. ಯಾಕೆಂದರೆ ಅವು ಪದ್ಯ. ಚೆನ್ನಾಗಿವೆ.

ಇಷ್ಟೆಲ್ಲ ಹೆಸರುಗಳಿಂದ ತಲೆ ಭಾರವಾದರೆ ಊರು ಬಿಟ್ಟು ಸಿಡಿಲಪಡಿಗೆ ನಡೆಯಿರಿ. ಕಳ್ಳಿ, ಕಂಟಿ, ಬಾರಿ ಗಿಡಗಳ ನಡುವೆ ಕೆಲವು ಕಿಲೋಮೀಟರ್ ಕಾಲುದಾರಿ. ಯಾರೂ ಕೊರೆಯದ, ತಾನಾಗಿ ಆದ ಕಲ್ಲಾಸರೆ ಅದು. ಚಾವಣಿಯಲ್ಲಿ ದೊಡ್ಡ ತೂತು. ಸಿಡಿಲು ಬಡಿದು ಆದದ್ದು ಅಂತ ಜನ ಹೇಳುತ್ತಾರೆ, ಹೆಸರೂ ಅದರಿಂದಲೇ. ಗೋಡೆ ಮೇಲೆ ಚಾಲುಕ್ಯರಿಗಿಂತ ಎಷ್ಟೋ ಹಿಂದಿನವರು ಬಿಡಿಸಿದ ಮನುಷ್ಯರು, ಪ್ರಾಣಿಗಳು ಮಸುಕಾಗಿ ಕಾಣುತ್ತವೆ. ಅಲ್ಲಿ ಯಾರ ಹೆಸರೂ ಇಲ್ಲ. ಅಕ್ಷರವೇ ಹುಟ್ಟಿರಲಿಲ್ಲ. ಬಾದಾಮಿಯ ಬರಹ ಅಂತ ಒಂದು ಬರೆಯುವುದಾದರೆ ಅದು ಇಲ್ಲಿಂದ ಶುರುವಾಗಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ಈಗ ಆ ಭಾಷಣದ ವಿಷಯಕ್ಕೆ ಬರ್ತೀನಿ.

ಉತ್ತರದ ಕೋಟೆಯಲ್ಲಿ ಇಳಿಯುವಾಗ ಹುಡುಗ ಒಂದು ಬಂಡೆ ಹತ್ತಿರ ನಿಂತ. "ಮಾಮಾ, ಇಲ್ಲೆ ನಿನ್ನ ಹೆಸರ ಐತಿ." ನನ್ನ ಹೆಸರೇ. ಕೆಳಗೆ ನಮ್ಮ ಕಾಲೇಜಿನ ಹೆಸರಿನ ಮೂರಕ್ಷರ, ಅದರ ಕೆಳಗೆ 2009. ಕಂಪಾಸಿನ ಮುಳ್ಳಿನಿಂದ ಕೊರೆದದ್ದು. ಗೆಳೆಯರು ಕಾವಲು ನಿಂತಿದ್ದರು, ನಾವು ಬಹಳ ನಕ್ಕಿದ್ದೆವು. ಎಲ್ಲಿ ಕೊರೆದಿದ್ದೆ ಅನ್ನೋದನ್ನೂ ಮರೆತಿದ್ದೆ.

"ನಿಂದನಾ?"

"ಹೂಂ."

"ಮತ್ತ ಆಗಳೆ ಕೆಳಗ ಅಷ್ಟೆಲ್ಲಾ ಹೇಳಿದಿ?"

ಉತ್ತರ ಇರಲಿಲ್ಲ. ಬೆರಳಿನಿಂದ ಉಜ್ಜಿದೆ, ಕೆಂಪು ಮರಳು ಉದುರಿತು. ಕಲ್ಲು ಅಷ್ಟು ಮೆದು. ಇನ್ನೂ ಉಜ್ಜಿದರೆ ಹೆಸರು ಹೋಗುವುದಿಲ್ಲ, ಗಾಯ ಅಗಲವಾಗುತ್ತದೆ ಅಷ್ಟೇ ಅಂತ ಗೊತ್ತಾಗಿ ಕೈ ಹಿಂದೆ ತೆಗೆದೆ. 1958ರ ಸ್ಮಾರಕಗಳ ಕಾಯ್ದೆಯಲ್ಲಿ ಇದಕ್ಕೆ ನಾನು ಕೊರೆದ ಕಾಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ ಇತ್ತು. 2010ರ ತಿದ್ದುಪಡಿ ಆದ ಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮಂಗಳೇಶನ ಲೆಕ್ಕದಲ್ಲಿ ಏಳನೆಯ ನರಕ. ಮೂರರಲ್ಲಿ ಯಾವುದೂ ನನಗೆ ಆಗಲಿಲ್ಲ. ಆದದ್ದು ಅಂದ್ರೆ ಅಳಿಯನ ಮುಂದೆ ತಲೆ ತಗ್ಗಿಸಿದ್ದು.

ಕೋಳಿಮಂಚಿಗೂ ನನಗೂ ಇರುವ ವ್ಯತ್ಯಾಸ ಏನು ಅಂತ ವಾಪಸ್ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಅವನು ಮಾಡಿದ ಕೆಲಸದ ಪಕ್ಕದಲ್ಲಿ ಹೆಸರು ಬರೆದ. ನಾನು ಏನೂ ಮಾಡದೆ ಹೆಸರು ಬರೆದೆ. ಆಮೇಲೆ ಬರೆದ ಪ್ರವಾಸ ಲೇಖನವೂ ಬೇರೆ ಏನಲ್ಲ. ನಾನು ಬಂದಿದ್ದೆ, ನೋಡಿದೆ, ಇದು ನನ್ನ ಫೋಟೋ. ಕಂಪಾಸಿನ ಬದಲು ಕೀಬೋರ್ಡ್, ಬಂಡೆಯ ಬದಲು ಸ್ಕ್ರೀನ್. ಬಾದಾಮಿಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನಾನು ಬಾದಾಮಿಗೆ ಹೋಗಿದ್ದೆ ಅನ್ನೋದಷ್ಟೇ ಇತ್ತು.

ಹಾಗಾಗಿ ಹೋಗುವವರಿಗೆ ನನ್ನದೊಂದು ಮಾತು. ನಾಲ್ಕು ಗುಹೆ ನೋಡಬೇಡಿ ಅಂತಲ್ಲ, ಖಂಡಿತ ನೋಡಿ. ಆದರೆ ಮೊದಲು ಉತ್ತರದ ಬೆಟ್ಟ ಹತ್ತಿ ಅವನ್ನು ದೂರದಿಂದ ನೋಡಿ, ಆಮೇಲೆ ಒಳಗೆ ಹೋಗಿ. ಮೂರನೇ ಗುಹೆಯ ಹೊರಗೆ ಕಲ್ಮನೆ ಅಂತ ಬರೆದಿರುವ ಕಡೆ ಐದು ನಿಮಿಷ ನಿಲ್ಲಿ. ಬರೆಯುವುದಾದರೆ ಹೂ ಕಟ್ಟುವವನ ಪಾಲಿನ ಬಗ್ಗೆ ಬರೆಯಿರಿ, ಬೀಗ ಬಿದ್ದ ಮೆಟ್ಟಿಲಿನ ಬಗ್ಗೆ ಬರೆಯಿರಿ.

ಪಟ್ಟದಕಲ್ಲಿಗೆ ಅವತ್ತು ಹೊತ್ತಾಗಿಬಿಟ್ಟಿತು. ಕೆರೂರು ದಾಟುವಾಗ ಅಳಿಯ ಕೇಳಿದ, "ಮಾಮಾ, ಮುಂದಿನ ಸಲ ಸಿಡಿಲಪಡಿಗೆ ಮುಂಜಾನೆನ ಹೋಗೂಣೇನು?" ಹೂಂ ಅಂದೆ. ಕಂಪಾಸು ಮನೆಯಲ್ಲೇ ಬಿಟ್ಟು ಬಾ ಅಂತ ಅವನು ಮತ್ತೆ ಸೇರಿಸಿದ.