ಗುಹಾಸುರನ ಕಡೆಯಿಂದ ಓದಿದರೆ

ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಗುಡಿಗೊಂದು ಸ್ಥಳಪುರಾಣ ಐತಿ. ಗುಹಾಸುರನೆಂಬ ರಕ್ಕಸ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಅಂತ ಬ್ರಹ್ಮನಿಂದ ವರ ಪಡೆದಿದ್ದನಂತೆ. ಅದಕ್ಕೇ ಅರ್ಧ ಹರಿ, ಅರ್ಧ ಹರ ಸೇರಿ ಒಂದೇ ಮೈಯಾಗಿ ಬಂದು ಅವನನ್ನು ಕೊಂದರು. ತುಂಗಭದ್ರೆಯ ದಂಡೆಯ ಈ ಸೀಮೆಗೆ ಮೊದಲು ಗುಹಾರಣ್ಯ ಅಂತ ಹೆಸರಿತ್ತು ಅಂತಾನೂ ಅದೇ ಪುರಾಣ ಹೇಳುತ್ತದೆ. ಅಂದರೆ ನೆಲ ಅವನದು, ಬಂದವರು ಹೊರಗಿನವರು. ಅದೂ ಎರಡು ದೇಹ ಕೂಡಿಸಿಕೊಂಡು ಬಂದವರು. ಇದನ್ನು ಯಾವುದೇ ವೈಜ್ಞಾನಿಕ ಭಯಾನಕ ಕಾದಂಬರಿಯ ಬೆನ್ನುಡಿಯಾಗಿ ಅಚ್ಚು ಹಾಕಬಹುದು. ವ್ಯತ್ಯಾಸ ಇಷ್ಟೇ: ಕಾದಂಬರಿಯಲ್ಲಿ ಕೂಡಿಸಿ ಮಾಡಿದ ಮೈ ರಾಕ್ಷಸನದು, ಇಲ್ಲಿ ದೇವರದು.

ಚಿಕ್ಕಂದಿನಲ್ಲಿ ಈ ಕಥೆ ಕೇಳಿ, ಗುಹಾಸುರ ಸತ್ತ ಕೂಡಲೇ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಆಮೇಲೆ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಗ ಫುಟ್‌ಪಾತಿನ ಹಳೇ ಪುಸ್ತಕದಂಗಡಿಯಿಂದ ಅನ್ಯಗ್ರಹದ ಜಂತುಗಳ, ಹುಚ್ಚು ಡಾಕ್ಟರುಗಳ ಕಾದಂಬರಿ ತಂದು ಓದುವಾಗಲೂ ನನ್ನ ಚಪ್ಪಾಳೆ ನಿಲ್ಲಲಿಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಇದೇ ಹರಿಹರದಲ್ಲಿ. ಆ ಚಳವಳಿಯ ಗಾಳಿ ಸೋಕಿದ ನಾವು ರಾಮಾಯಣ ಹಿಡಿದರೆ ಶಂಬೂಕನ ಮಾತೇನು ಅಂತ ಕೇಳುವುದನ್ನು ಕಲಿತೆವು. ಆದರೆ ದಿಂಬಿನ ಕೆಳಗಿದ್ದ ಕಾದಂಬರಿಗೆ ಆ ಪ್ರಶ್ನೆ ಕೇಳಲಿಲ್ಲ. ಬಸವಲಿಂಗಪ್ಪನವರು 1973ರಲ್ಲಿ ಆಡಿದ 'ಬೂಸಾ' ಎಂಬ ಮಾತನ್ನು ನಾವು ಇಂಥ ಪುಸ್ತಕಗಳಿಗೂ ಅಂಟಿಸಿ ಕೈ ತೊಳೆದುಕೊಂಡೆವು.

ಗೆಳೆಯರು ಈಗಲೂ ಕೇಳುತ್ತಾರೆ: 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟ ನಾಡಿದು, ಇಲ್ಲಿ ಮಂಗಳಗ್ರಹದ ಜಂತುಗಳ ಚರ್ಚೆ ಯಾಕಪ್ಪಾ? ಎದುರಿಗಿರೋದು ಮನುಷ್ಯನಲ್ಲ ಅಂತ ಒಪ್ಪಿಕೊಂಡ ಮೇಲೇ ಕೈ ಬೆಂಕಿಕಡ್ಡಿಗೆ ಹೋಗೋದು. ಹಾಗೆ ಒಪ್ಪಿಸುವ ಕೆಲಸವನ್ನು ಕಥೆಗಳು ಮಾಡುತ್ತವೆ. ಕೆಲವು ಕಥೆಗಳು ಅದನ್ನೇ ಎದುರಿಗಿಟ್ಟು ತೋರಿಸುತ್ತವೆ ಕೂಡ.

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಬಂದದ್ದು 1818ರಲ್ಲಿ. ಹೆಣಗಳ ತುಂಡುಗಳಿಂದ ವಿಜ್ಞಾನಿ ಒಂದು ಜೀವ ಮಾಡುತ್ತಾನೆ, ಅದು ಕಣ್ಣು ಬಿಟ್ಟೊಡನೆ ಹೇಸಿ ಓಡಿಹೋಗುತ್ತಾನೆ. ಹೆಸರು ಸಹ ಇಡುವುದಿಲ್ಲ. ಆ ಜೀವ ಒಂದು ಬಡ ಕುಟುಂಬದ ಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿಗೆ ಕಣ್ಣಿಟ್ಟು ಕಿವಿಯಿಟ್ಟು ಭಾಷೆ ಕಲಿಯುತ್ತದೆ. ಅಲ್ಲೇ ಅದಕ್ಕೆ ಹುಟ್ಟು, ಕುಲ, ಆಸ್ತಿ ಎಂಬ ಮಾತುಗಳೂ ಕೇಳಿಸುತ್ತವೆ, ಈ ಮೂರೂ ಇಲ್ಲದ ತಾನು ಯಾರು ಅಂತ ಯೋಚಿಸುತ್ತದೆ. ಶಾಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಬೇರೆ ಕೂತ ಬಾಬಾಸಾಹೇಬರನ್ನು ನೆನೆಯದೆ ನಾನು ಆ ಅಧ್ಯಾಯಗಳನ್ನು ಓದಲಾರೆ. ಮನೆಯ ಯಜಮಾನ ಕುರುಡ ಮುದುಕ. ಆತ ಆ ಜೀವವನ್ನು ಪ್ರೀತಿಯಿಂದ ಮಾತಾಡಿಸುತ್ತಾನೆ. ಕಣ್ಣಿರುವ ಮಗ ಒಳಗೆ ಬಂದವನೇ ಕೋಲು ಎತ್ತುತ್ತಾನೆ. ದಾವಣಗೆರೆಯಲ್ಲಿ ಬಾಡಿಗೆ ರೂಮು ಹುಡುಕುವಾಗ ಒಂದು ಮನೆಯ ಅಜ್ಜ "ನಾಳೆನೇ ಬಾರಪ್ಪ" ಅಂದಿದ್ದರು. ಮಾರನೇ ದಿನ ಅವರ ಮಗ ಬಾಗಿಲಲ್ಲಿ ನಿಂತು "ನೀವು ಯಾವ ಪೈಕಿ?" ಅಂತ ಕೇಳಿದ. ಕೋಲು ಎತ್ತಲಿಲ್ಲ ಅಷ್ಟೆ.

ಶೆಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಪುಸ್ತಕದ ನಟ್ಟನಡುವೆ ಆ ಜೀವಕ್ಕೆ ತನ್ನ ಕಥೆ ಹೇಳಲು ಬಿಟ್ಟದ್ದು. ಮುಂದೆ ಬಂದವರು ಈ ಮಾತನ್ನು ಕಿತ್ತುಕೊಂಡರು.

ಎಚ್.ಜಿ. ವೆಲ್ಸ್‌ನ 'ದಿ ಐಲ್ಯಾಂಡ್ ಆಫ್ ಡಾಕ್ಟರ್ ಮೊರೊ' 1896ರದು. ಇಂಗ್ಲೆಂಡಿನಿಂದ ಓಡಿಸಲ್ಪಟ್ಟ ಡಾಕ್ಟರೊಬ್ಬ ದ್ವೀಪವೊಂದರಲ್ಲಿ ಪ್ರಾಣಿಗಳನ್ನು ಜೀವಂತ ಕೊಯ್ದು, ಹೊಲಿದು, ಮನುಷ್ಯರನ್ನಾಗಿ ಮಾಡಲು ಹೊರಡುತ್ತಾನೆ. ಆ ಮೃಗಮನುಷ್ಯರು ಊರಾಚೆಯ ಕತ್ತಲ ಕೊರಕಲಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ಕೇರಿ ಅನ್ನಿ. ದಿನಾ ಕೂತು ತೂಗಾಡುತ್ತಾ ಡಾಕ್ಟರನ ಕಟ್ಟಳೆಗಳನ್ನು ಪಠಿಸಬೇಕು. ನಾಲ್ಕು ಕಾಲಲ್ಲಿ ನಡೆಯಕೂಡದು, ನೀರಿಗೆ ಬಾಯಿ ಹಚ್ಚಿ ಹೀರಕೂಡದು, ಮಾಂಸ ಮೀನು ತಿನ್ನಕೂಡದು. ಮುರಿದರೆ ಮತ್ತೆ ಕೊಯ್ಯುವ ಕೋಣೆಗೆ.

ಮಾಂಸದ ಕಟ್ಟಳೆಯ ಹತ್ತಿರ ನಾನು ನಿಂತುಬಿಟ್ಟೆ. ಯಾಕಂದ್ರೆ ಅದೇ ದ್ವೀಪದಲ್ಲಿ ಯಜಮಾನರು ತಮ್ಮ ಊಟಕ್ಕೆ ಅಂತ ಮೊಲಗಳನ್ನು ತಂದು ಬಿಟ್ಟಿದ್ದಾರೆ. ಮೊಲ ಸುಲಿದು ಅಡುಗೆ ಮಾಡುವುದನ್ನು ಆಳಾದ ಮೃಗಮನುಷ್ಯನಿಗೆ ಯಜಮಾನನೇ ಕಲಿಸಿಕೊಡುತ್ತಾನೆ. ಬೇಯಿಸುವವನು ಇವನು, ತಿನ್ನುವವರು ಅವರು. ಇವರಲ್ಲಿ ಯಾರಾದರೂ ಮೊಲ ತಿಂದದ್ದು ಗೊತ್ತಾದರೆ ಬೇಟೆಯೇ ಶುರು. ಚಿರತೆಮನುಷ್ಯನನ್ನು ಹಾಗೆ ಅಟ್ಟಾಡಿಸುವಾಗ ಅವನ ಕೇರಿಯವರೇ ಮುಂದೆ ನಿಂತು ಓಡುತ್ತಾರೆ. ಈ ಪುಟಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಕರ್ನಾಟಕದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2020ರದು. ಈ ಕಾದಂಬರಿ ಅದಕ್ಕಿಂತ 124 ವರ್ಷ ಹಳೆಯದು. ಯಾರ ತಟ್ಟೆಯಲ್ಲಿ ಏನಿದೆ ಅಂತ ನೋಡಿ ಮನುಷ್ಯತ್ವ ಅಳೆಯುವ ಚಾಳಿಯನ್ನು ವೆಲ್ಸ್ ಇಷ್ಟು ನಿಖರವಾಗಿ ಹಿಡಿದದ್ದು ಹೇಗೋ!

ಆದರೆ ವೆಲ್ಸ್‌ನ ಮಿತಿಯೂ ಇಲ್ಲೇ. ಮೃಗಮನುಷ್ಯರ ಬಾಯಲ್ಲಿ ಕಟ್ಟಳೆಯ ಪಾಠ ಇದೆ, ಹರಕು ಮುರುಕು ಮಾತಿವೆ, ಅವರ ಕಥೆಯಿಲ್ಲ. ಕಥೆ ಹೇಳುವ ಪ್ರೆಂಡಿಕ್ ಲಂಡನ್ನಿಗೆ ವಾಪಸಾದ ಮೇಲೆ ಬೀದಿಯ ಜನರಲ್ಲೆಲ್ಲ ಮೃಗಗಳನ್ನು ಕಂಡು ಬೆದರಿ ದೂರ ಹೋಗಿ ಇರುತ್ತಾನೆ. ಅನುಭವದಿಂದ ಅವನು ಕಲಿತದ್ದು ಮೈಲಿಗೆಯನ್ನು. ನಮ್ಮ ಎಷ್ಟೋ ಸಹಾನುಭೂತಿಯ ಲೇಖಕರು ಪ್ರೆಂಡಿಕ್‌ಗಳೇ.

ಎರಡು ವರ್ಷದ ನಂತರದ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳದವರು ಬಂದು ಇಂಗ್ಲಿಷರ ರಕ್ತ ಹೀರುತ್ತಾರೆ. ಅವರನ್ನು ಬೈಯುವ ಮೊದಲು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ನಾವೇನು ಮಾಡಿದೆವು ನೆನಪಿರಲಿ ಅಂತ ವೆಲ್ಸ್ ಮೊದಲ ಅಧ್ಯಾಯದಲ್ಲೇ ಚುಚ್ಚುತ್ತಾನೆ. ಸರಿ. ಆದರೆ ಅದಕ್ಕೂ 25 ವರ್ಷ ಮೊದಲೇ, 1873ರಲ್ಲಿ, ಜೋತಿಬಾ ಫುಲೆ 'ಗುಲಾಮಗಿರಿ'ಯಲ್ಲಿ ಮತ್ಸ್ಯ, ಕೂರ್ಮ ಮೊದಲಾದ ಅವತಾರಗಳನ್ನು ದಂಡೆತ್ತಿ ಬಂದವರ ಕಥೆಯಾಗಿ ಬಿಡಿಸಿದ್ದರು. ಬಲಿರಾಜ ನೆಲದವನು, ಅವತಾರಗಳು ಹೊರಗಿನವು. ಚಿರಂಜೀವಿ ಅನ್ನಿಸಿಕೊಂಡ ಪರಶುರಾಮನಿಗೆ ಆರು ತಿಂಗಳೊಳಗೆ ಹಾಜರಾಗು ಅಂತ ನೋಟೀಸು ಬೇರೆ ಕೊಟ್ಟರು! ಫುಲೆಯವರ ಇತಿಹಾಸವನ್ನು ಅಕ್ಷರಶಃ ಒಪ್ಪಬೇಕಿಲ್ಲ. ಆಕ್ರಮಣದ ಕಥೆಯನ್ನು ಆಕ್ರಮಣಕ್ಕೊಳಗಾದವರ ಕಡೆಯಿಂದ ಹೇಳುವ ಬಗೆ ನಮಗೆ ಅಲ್ಲಿ ಸಿಗುತ್ತದೆ.

ಆ ಕಡೆಯಿಂದಲೇ ಕಾದಂಬರಿ ಬರೆದವರು ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್. 1987ರ 'ಡಾನ್'ನಲ್ಲಿ ಲಿಲಿತ್ ಎಂಬ ಕಪ್ಪು ಹೆಂಗಸು ಅನ್ಯಗ್ರಹದವರ ಸೆರೆಯಲ್ಲಿ ಎಚ್ಚರಗೊಳ್ಳುತ್ತಾಳೆ. ಹೊಟ್ಟೆಯ ಮೇಲೆ ಗಾಯದ ಗುರುತು. ನಿದ್ದೆಯಲ್ಲಿದ್ದಾಗ ಅವಳ ಕ್ಯಾನ್ಸರ್ ತೆಗೆದಿದ್ದಾರೆ. ಒಳ್ಳೆಯದನ್ನೇ ಮಾಡಿದ್ದಾರೆ, ಕೇಳಿ ಮಾಡಿಲ್ಲ. ಇಲ್ಲಿಯ ಅನ್ಯಗ್ರಹದವರಿಗೆ ಕೋರೆಹಲ್ಲಿಲ್ಲ, ಅವರದು ಉದ್ಧಾರದ ಭಾಷೆ.

ಇದನ್ನು ಓದುವಾಗ ನನಗೆ ಖಮ್ಮಂ ಜಿಲ್ಲೆ ನೆನಪಾಯಿತು. 2009ರಲ್ಲಿ ಅಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಬಹಳ ಜನ ಹಾಸ್ಟೆಲಿನ ಆದಿವಾಸಿ ಮಕ್ಕಳು. ಗುಜರಾತಿನಲ್ಲೂ ಇದೇ ನಡೆಯಿತು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡರು, ಲಸಿಕೆ ಕಾರಣವಲ್ಲ ಅಂದಿತು ತನಿಖೆ. ಲಸಿಕೆ ಒಳ್ಳೆಯದೇ, ಜಗತ್ತೆಲ್ಲ ಬಳಸುತ್ತಿದೆ. ಆದರೆ 2013ರ ಸಂಸದೀಯ ಸಮಿತಿಯ ವರದಿಯಲ್ಲಿ ಆಂಧ್ರದ ಲೆಕ್ಕ ಐತಿ ನೋಡ್ರಿ: 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ನಾನೂ ಹಾಸ್ಟೆಲಿನಲ್ಲಿ ಬೆಳೆದವನು. ನನ್ನ ಪರವಾಗಿ ಯಾರು ಯಾರು ಎಲ್ಲೆಲ್ಲಿ ಸಹಿ ಹಾಕಿದ್ದಾರೋ ನನಗೇ ಗೊತ್ತಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗೆ ದಾರಿ ಮಾಡಿದರು. ನಾನು ಓದಿದ್ದರಲ್ಲಿ, ಕೊಯ್ಯಿಸಿಕೊಂಡವರ ಕಡೆಯಿಂದ ಬರೆದ ಕಾದಂಬರಿ ಇನ್ನೂ ಸಿಕ್ಕಿಲ್ಲ. ಆತ್ಮಕಥೆ ಮಾತ್ರ ನಮ್ಮದು, ಕಲ್ಪನೆ ಅವರದು ಅಂತ ಯಾವಾಗ ಪಾಲು ಮಾಡಿಕೊಂಡೆವೋ!

ಈಚೆಗೆ ಕೆಲವು ವಿದ್ಯಾರ್ಥಿಗಳ ಜೊತೆ ಹರಿಹರದ ಗುಡಿಗೆ ಹೋಗಿದ್ದೆ. ಕಥೆ ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು: "ಸಾರ್, ವರ ಬೇಡೋಕೆ ಮುಂಚೆ ಗುಹಾಸುರ ಏನ್ ಮಾಡ್ಕೊಂಡಿದ್ದ?" ಪುರಾಣದಲ್ಲಿ ಅದಿಲ್ಲ ಅಂದೆ. ಅವಳೀಗ ಅದನ್ನೇ ಹಿಡಿದು ಬರೆಯುತ್ತಿದ್ದಾಳೆ. ಮೊದಲ ಪುಟದಲ್ಲಿ ಅವನು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದಾನೆ, ಅವನವ್ವ ಒಲೆ ಹೊತ್ತಿಸಿ ಕೂತಿದ್ದಾಳೆ. ಎರಡನೇ ಪುಟ ಇನ್ನೂ ಸಡಿಲ ಐತಿ, ತಿದ್ದಿ ಕೊಡು ಅಂದಿದ್ದೇನೆ.