ಓದುಗನು ಇಟ್ಟ ನ್ಯಾಸ

ಗ್ರಂಥಾಲಯಗಳಲ್ಲಿ ಹಿಂದೆ ಪುಸ್ತಕ ಕೊಡುವ ಕ್ರಮ ಸರಳವಾಗಿತ್ತು. ಪುಸ್ತಕದ ಕಾರ್ಡನ್ನು ಓದುಗನ ಟಿಕೆಟ್ಟಿನ ಕಿಸೆಯಲ್ಲಿ ಸೇರಿಸಿ ಇಡುತ್ತಿದ್ದರು. ಪುಸ್ತಕ ಮರಳಿದೊಡನೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನಿಗೆ. ಬ್ರೌನ್ ಪದ್ಧತಿಯೆಂಬ ಈ ಕ್ರಮದಲ್ಲಿ ಯಾರು ಏನನ್ನು ಓದಿದರೆಂಬ ಗುರುತು ಉಳಿಯುತ್ತಿರಲಿಲ್ಲ.

ಗಣಕಯಂತ್ರವಾದರೋ ಅಳಿಸೆಂದು ವಿಧಿಸದ ಹೊರತು ಮರೆಯದು. 2020ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯ ಆರಂಭವಾಗಿ, ಮನೆಯಲ್ಲಿ ಕುಳಿತ ವಿದ್ಯಾರ್ಥಿಗೂ ಪುಸ್ತಕ ದೊರೆಯುವಂತಾದುದು ಜ್ಞಾನದಾನವೇ ಸರಿ. ಆದರೆ ಇಂಥ ಯಾವುದೇ ಜಾಲದಲ್ಲಿ ಯಾರು, ಯಾವ ಹೊತ್ತಿನಲ್ಲಿ, ಯಾವ ಪುಟ ತೆರೆದರೆಂಬುದನ್ನು ದಾಖಲಿಸಲು ಸಾಧ್ಯವಿದೆ, ವಿಚಾರಣೀಯವಾದುದು ಅದೇ.

ನಮ್ಮ ಹಟ್ಟಿಯ ಗಣಿಯಲ್ಲಿ ಟನ್ನುಗಟ್ಟಲೆ ಅದಿರನ್ನು ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ. ಮಾಹಿತಿಯ ವ್ಯಾಪಾರವೂ ಹಾಗೆಯೇ. ಒಬ್ಬನು ಒಂದು ದಿನ ನೋಡಿದ ಪುಟಕ್ಕೆ ಬೆಲೆಯಿಲ್ಲ. ಕೋಟಿ ಜನರ ಹೆಜ್ಜೆಗುರುತುಗಳನ್ನು ಅರೆದರೆ ಲಾಭ ಹೊರಡುತ್ತದೆ.

"ತಪ್ಪು ಮಾಡದವನಿಗೆ ಭಯವೇಕೆ?" ಎಂದು ಕೇಳುವವರುಂಟು. ರೋಗದ ವಿಷಯ ಓದುವವನು, ವಿಚ್ಛೇದನದ ಕಾನೂನು ಹುಡುಕುವ ಹೆಣ್ಣುಮಗಳು, ಅನ್ಯಮತದ ಗ್ರಂಥವನ್ನು ಜಿಜ್ಞಾಸೆಯಿಂದ ತೆರೆಯುವ ತರುಣ, ಇವರಾರೂ ಅಪರಾಧಿಗಳಲ್ಲ. ಆದರೂ ಯಾರೋ ನೋಡುತ್ತಿದ್ದಾರೆಂದು ತಿಳಿದರೆ ಪುಸ್ತಕ ಮುಚ್ಚಿಯಾರು. ಎದುರು ಪಕ್ಷವನ್ನು ಓದಲು ಅಂಜುವ ಸಮಾಜದಲ್ಲಿ ಅನೇಕಾಂತ ಬರಿಯ ಮಾತಾದೀತು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ಪ್ರಶ್ನೆಗೆ ಬಹು ಸಮೀಪವಾಗಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೆಂದರೆ ಪರರ ಏಕಾಂತದ ಸಂಗತಿಯನ್ನು ಹೊರಗೆಡಹುವುದು. ಸಾಕಾರಮಂತ್ರಭೇದವೆಂದರೆ ಚರ್ಯೆಯಿಂದ ಮನಸ್ಸನ್ನು ಊಹಿಸಿ ಬಯಲು ಮಾಡುವುದು. ಇಂದಿನ ಯಂತ್ರಗಳು ಮಾಡುವುದೂ ಇದನ್ನೇ. ಹೇಳಿದ್ದು ನಿಜವಾಗಿದ್ದರೂ ಇವು ದೋಷಗಳೆಂಬುದು ಗಮನಾರ್ಹ. ಇನ್ನು ನ್ಯಾಸಾಪಹಾರ: ನ್ಯಾಸವಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಉಳಿದುದನ್ನು ಇಟ್ಟುಕೊಳ್ಳುವುದು. ತಾನು ಎಷ್ಟು ಮಾಹಿತಿ ಒಪ್ಪಿಸಿದೆನೆಂಬುದು ಇಂದಿನ ಓದುಗನಿಗೂ ತಿಳಿಯದು. ವ್ಯಾಪಾರಿಯ ಖಾತೆ ಗಿರಾಕಿಗೆ ಗೊತ್ತಿದ್ದೇ ಬರೆದುದು. ಅವನು ಕೇಳಿದರೆ ತೋರಿಸಬೇಕು. ಈ ಖಾತೆಯನ್ನು ತೋರಿಸುವವರಾರು?

ಕಾನೂನು ಎಚ್ಚೆತ್ತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಕಾನೂನು ಹೊರಗಿನ ಬೇಲಿ, ವ್ರತ ಒಳಗಿನದು.

ನಮ್ಮ ಬಸದಿಗಳ ಟ್ರಸ್ಟುಗಳೂ ಗ್ರಂಥಭಂಡಾರದ ಸದಸ್ಯರ, ದಾನಿಗಳ, ಯಾತ್ರಿಕರ ವಿವರಗಳನ್ನು ಗಣಕಯಂತ್ರಕ್ಕೆ ಏರಿಸುತ್ತಿವೆ. ಪರಿಗ್ರಹ ಪರಿಮಾಣವು ಹೊಲ, ಮನೆ, ಹೊನ್ನಿಗೆ ಮಾತ್ರವೆಂದು ತಿಳಿಯಬಾರದು; ಪರರ ಮಾಹಿತಿಯೂ ಪರಿಗ್ರಹವೇ. ಅಗತ್ಯವಿದ್ದಷ್ಟೇ ಕೇಳುವುದು, ಕೆಲಸ ಮುಗಿದೊಡನೆ ಅಳಿಸುವುದು, ಯಾರು ನೋಡಬಹುದೆಂಬುದನ್ನು ಬರೆದಿಡುವುದು: ಈ ಮೂರನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿಯೇ ನಿರ್ಣಯವಾಗಿ ಸ್ವೀಕರಿಸಬಹುದು. ಇದಕ್ಕೆ ಹಣ ಬೇಕಿಲ್ಲ, ಸಂಯಮ ಸಾಕು.