ಡಯಾನಾಳ ಕೈಯ ಹಗ್ಗ

ವಂಡರ್ ವುಮನ್ ತೆರೆಗೆ ಬರುತ್ತಾಳೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಅವಳ ಉಡುಪಿನ ಮೇಲೆ. ಎಷ್ಟು ಮೈ ಕಾಣಬೇಕು, ಅಮೆರಿಕದ ಧ್ವಜದ ಬಣ್ಣಗಳು ಇರಬೇಕೆ ಬೇಡವೆ, ಅಂಥ ಬೂಟು ತೊಟ್ಟು ಓಡಲು ಸಾಧ್ಯವೆ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಅದು ತಣ್ಣಗಾದ ಮೇಲೆ ಕತ್ತಿ, ಗುರಾಣಿಯ ಮಾತು. ಅವಳ ಕಾಮಿಕ್ಸನ್ನು ಪ್ರೀತಿಯಿಂದ ಓದಿಕೊಂಡು ಬಂದ ನನಗೆ ಮುಖ್ಯವೆನಿಸುವುದು ಅವಳ ಸೊಂಟದಲ್ಲಿ ಸುತ್ತಿಟ್ಟಿರುವ ಹೊನ್ನಿನ ಹಗ್ಗ. ಕಥೆ ಕಟ್ಟುವವರು ಆ ಹಗ್ಗವನ್ನು ಯಾರ ಮೇಲೆ ಎಸೆಯುತ್ತಾರೆ, ಸಿಕ್ಕಿಬಿದ್ದವರಿಗೆ ಆಮೇಲೆ ಏನಾಗುತ್ತದೆ ಎಂದು ಗಮನಿಸಿದರೆ ಸಾಕು, ಅವರಿಗೆ ಡಯಾನಾ, ಅಂದರೆ ವಂಡರ್ ವುಮನ್, ಎಷ್ಟು ಅರ್ಥವಾಗಿದ್ದಾಳೆ ಎಂಬುದು ತಿಳಿದುಬಿಡುತ್ತದೆ. ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ ಎರಡು ಚಿತ್ರಗಳಲ್ಲಿ 2017ರ ‘ವಂಡರ್ ವುಮನ್’ ಹೊಗಳಿಕೆಗೆ ಪಾತ್ರವಾಯಿತು, 2020ರ ‘ವಂಡರ್ ವುಮನ್ 1984’ ಬೈಗುಳ ತಿಂದಿತು. ಹಗ್ಗದ ಕಡೆಯಿಂದ ನೋಡಿದರೆ ಆ ತೀರ್ಪು ಅಷ್ಟು ಸಲೀಸಲ್ಲ.

ಈ ಪಾತ್ರವನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್‌ಟನ್ ಮೂಲತಃ ಮನಶ್ಶಾಸ್ತ್ರಜ್ಞ. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ಸುಳ್ಳು ಹೇಳುವಾಗ ಮನುಷ್ಯನ ರಕ್ತದೊತ್ತಡ ಏರುತ್ತದೆಯೆ ಎಂದು ಅಳೆದು ನೋಡಿದವನು. ಮುಂದೆ ಬಂದ ಸುಳ್ಳುಪತ್ತೆ ಯಂತ್ರಕ್ಕೆ ಆ ಕೆಲಸವೂ ಒಂದು ತಳಪಾಯ. 1941ರ ಕೊನೆಯಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ 8ನೇ ಸಂಚಿಕೆಯಲ್ಲಿ, ಎಚ್. ಜಿ. ಪೀಟರ್‌ನ ರೇಖೆಗಳಲ್ಲಿ ಡಯಾನಾ ಮೊದಲ ಬಾರಿಗೆ ಕಾಣಿಸಿಕೊಂಡಳು. ಹಗ್ಗ ಅವಳ ಕೈಗೆ ಬಂದದ್ದು ಮರುವರ್ಷ. ಅದರಲ್ಲಿ ಸಿಕ್ಕವರು ಅವಳು ಹೇಳಿದಂತೆ ಕೇಳಲೇಬೇಕು. ನಿಜ ಹೇಳು ಎಂದರೆ ನಿಜವನ್ನೇ ಹೇಳಬೇಕು. ಅದು ಸತ್ಯದ ಹಗ್ಗವಾಗಿಯೇ ಗಟ್ಟಿಯಾದದ್ದು 1987ರಲ್ಲಿ, ಜಾರ್ಜ್ ಪೆರೆಜ್ ಕಥೆಯನ್ನು ಹೊಸದಾಗಿ ಕಟ್ಟಿದಾಗ.

ಮಾರ್ಸ್‌ಟನ್‌ನ ನಂಬಿಕೆಗಳು ವಿಚಿತ್ರವಾಗಿದ್ದವು, ಅಷ್ಟೇ ಪ್ರಾಮಾಣಿಕವಾಗಿದ್ದವು. ಗಂಡಸರ ಕೈಯಲ್ಲಿ ಲೋಕ ಯುದ್ಧದಿಂದ ಯುದ್ಧಕ್ಕೆ ಓಡುತ್ತದೆ, ಹೆಂಗಸರು ಪ್ರೀತಿಯಿಂದ ಆಳುವ ದಿನ ಬಂದರೆ ಮಾತ್ರ ಶಾಂತಿ ಎಂದು ಅವನು ತಿಳಿದಿದ್ದ. ಹಾಗಾಗಿ ಅವನ ಡಯಾನಾ ಶತ್ರುವನ್ನು ಕೊಲ್ಲುವುದಿಲ್ಲ. ಹಿಡಿಯುತ್ತಾಳೆ, ನಿಜ ಹೊರಡಿಸುತ್ತಾಳೆ, ಆಮೇಲೆ ತನ್ನ ಬಳಗವಾದ ಅಮೆಜಾನ್ ಯೋಧೆಯರ ದ್ವೀಪದ ಪಕ್ಕದಲ್ಲೇ ಇರುವ ಇನ್ನೊಂದು ದ್ವೀಪಕ್ಕೆ ಕರೆದೊಯ್ದು ತಿದ್ದಲು ನೋಡುತ್ತಾಳೆ. ಅವನ ಕಥೆಗಳಲ್ಲಿ ಪುಟ ಪುಟಕ್ಕೂ ಕಾಣುವ ಸರಪಳಿ, ಕಟ್ಟುಗಳ ಬಗ್ಗೆ ಆ ಕಾಲದಲ್ಲೇ ಆಕ್ಷೇಪ ಎದ್ದಿತ್ತು. ಈಗ ಓದುವಾಗ ನನಗೂ ಇರುಸುಮುರುಸಾಗುತ್ತದೆ, ಅವುಗಳಲ್ಲಿ ಎಲ್ಲವನ್ನೂ ಸಮರ್ಥಿಸಲಾರೆ. ಆದರೆ ಆ ಸರಪಳಿಗೆ ಒಂದು ಚರಿತ್ರೆ ಇದೆ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು ಕಬ್ಬಿಣದ ಕಂಬಿಗಳಿಗೆ ತಮ್ಮನ್ನು ತಾವೇ ಬಿಗಿದುಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆದವನು ಅವನು. 1911ರಲ್ಲಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ತನ್ನ ಆವರಣದಲ್ಲಿ ಭಾಷಣ ಮಾಡದಂತೆ ಹಾರ್ವರ್ಡ್ ತಡೆದಾಗ ಮಾರ್ಸ್‌ಟನ್ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಅವನ ಮನೆಯಲ್ಲಿದ್ದ ಆಲಿವ್ ಬರ್ನ್, ಜನನ ನಿಯಂತ್ರಣಕ್ಕಾಗಿ ಹೋರಾಡಿದ ಮಾರ್ಗರೆಟ್ ಸ್ಯಾಂಗರ್‌ಳ ಸೋದರಿಯ ಮಗಳು. ಅವಳು ತೊಡುತ್ತಿದ್ದ ಅಗಲವಾದ ಕಡಗಗಳೇ ಡಯಾನಾಳ ಮಣಿಕಟ್ಟಿಗೆ ಬಂದವು. ಕಥೆಯೊಳಗೆ ಆ ಕಡಗಗಳಿಗೆ ಇನ್ನೊಂದು ಅರ್ಥ: ಹರ್ಕ್ಯುಲಿಸ್ ಮೋಸದಿಂದ ಅಮೆಜಾನರನ್ನು ಸೆರೆ ಹಿಡಿದಿದ್ದ, ಆ ದಾಸ್ಯವನ್ನು ಮರೆಯಬಾರದೆಂದು ಅವರೆಲ್ಲ ಅವನ್ನು ತೊಡುತ್ತಾರೆ.

ಕನ್ನಡದ ಓದುಗರಿಗೆ ಇಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಪ್ರಮೀಳೆ ನೆನಪಾಗದೆ ಇರುವುದಿಲ್ಲ. ಅಶ್ವಮೇಧದ ಕುದುರೆ ಹೆಣ್ಣುಗಳೇ ಆಳುವ ನಾಡಿಗೆ ನುಗ್ಗುತ್ತದೆ, ಪ್ರಮೀಳೆ ಅದನ್ನು ಕಟ್ಟಿಹಾಕುತ್ತಾಳೆ, ಅರ್ಜುನನೊಂದಿಗೆ ಕಾದಾಡುತ್ತಾಳೆ, ಕಾಳಗ ಮದುವೆಯಲ್ಲಿ ಮುಗಿಯುತ್ತದೆ. ಗ್ರೀಕರಲ್ಲೂ ಹಾಗೆಯೇ, ಹೆಣ್ಣುಗಳ ನಾಡಿರುವುದು ವೀರನೊಬ್ಬ ಬಂದು ಗೆಲ್ಲುವುದಕ್ಕೆ. ಮಾರ್ಸ್‌ಟನ್ ಕಥೆ ಶುರು ಮಾಡಿದ್ದು ವೀರ ಬಂದು ಹೋದ ಮೇಲೆ, ಸೋತವರು ಎದ್ದು ನಿಂತು ತಮ್ಮದೇ ನಾಡು ಕಟ್ಟಿಕೊಂಡ ಮೇಲೆ. ಈ ಹಿನ್ನೆಲೆಯನ್ನು 2017ರ ಚಿತ್ರ, ತಾಯಿ ಮಗಳಿಗೆ ಮಲಗುವ ಹೊತ್ತಿನಲ್ಲಿ ಹೇಳುವ ಕಥೆಯೊಳಗೆ ಒಂದೆರಡು ಮಾತಿನಲ್ಲಿ ದಾಟಿಸಿ ಸ್ಯೂಸ್ ಮತ್ತು ಏರಿಸ್‌ರ ಜಗಳಕ್ಕೆ ಹೋಗುತ್ತದೆ.

ಆ ಚಿತ್ರದ ಬಹು ದೊಡ್ಡ ಗುಣವನ್ನು ಮೊದಲು ಹೇಳಬೇಕು. ಕಥೆಯನ್ನು ಎರಡನೇ ಮಹಾಯುದ್ಧದಿಂದ 1918ಕ್ಕೆ ಸರಿಸಿದ್ದು ಒಳ್ಳೆಯ ನಿರ್ಧಾರ. ನಾಜಿಗಳ ಎದುರು ನಿಂತಾಗ ಯಾರು ಕೆಟ್ಟವರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಮೊದಲನೆಯ ಯುದ್ಧದ ಕಂದಕಗಳಲ್ಲಿ ಆ ಪ್ರಶ್ನೆ ಕಾಡುತ್ತದೆ. ಯುದ್ಧದೇವತೆ ಏರಿಸ್‌ನನ್ನು ಕೊಂದರೆ ಯುದ್ಧ ನಿಲ್ಲುತ್ತದೆ ಎಂದು ನಂಬಿ ಹೊರಟ ಹುಡುಗಿಗೆ ಅದಕ್ಕಿಂತ ಕಠಿಣವಾದ ಪಾಠಶಾಲೆ ಇಲ್ಲ.

ಎರಡೂ ಸೇನೆಗಳ ಕಂದಕಗಳ ನಡುವಿನ ನೋ ಮ್ಯಾನ್ಸ್ ಲ್ಯಾಂಡ್ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಕೆಸರು ತುಂಬಿದ ಕಂದಕದಲ್ಲಿ ಮಗುವನ್ನು ಅಪ್ಪಿಕೊಂಡ ಹೆಂಗಸೊಬ್ಬಳು ಡಯಾನಾಳನ್ನು ತಡೆದು, ಆಚೆ ಬದಿಯ ಹಳ್ಳಿಯಲ್ಲಿ ಜನ ಹಸಿದು ಸಾಯುತ್ತಿದ್ದಾರೆ ಎನ್ನುತ್ತಾಳೆ. ಎಲ್ಲರನ್ನೂ ಉಳಿಸಲಾಗದು, ನಾವು ಬಂದ ಕೆಲಸ ಬೇರೆ ಎನ್ನುತ್ತಾನೆ ಅವಳೊಂದಿಗೆ ಬಂದ ಗೂಢಚಾರ ಸ್ಟೀವ್. ಅವಳು ತಿರುಗಿ ನಿಲ್ಲುತ್ತಾಳೆ, ಕಿರೀಟ ಹಣೆಗೇರುತ್ತದೆ, ಮೇಲುಹೊದಿಕೆ ಜಾರುತ್ತದೆ. ಏಣಿ ಹತ್ತುವಾಗ ಕ್ಯಾಮೆರಾ ಇಡೀ ದೇಹವನ್ನು ತೋರಿಸುವುದಿಲ್ಲ. ಮೆಟ್ಟಿಲ ಮೇಲಿನ ಬೂಟು, ಬೆನ್ನಿನ ಗುರಾಣಿ, ಸೊಂಟದ ಹಗ್ಗ, ಹೀಗೆ ತುಂಡುತುಂಡಾಗಿ ಅವಳು ಮೇಲೇರುತ್ತಾಳೆ. ಮೊದಲ ಗುಂಡು ಕಡಗಕ್ಕೆ ತಗುಲಿ ಸಿಡಿಯುತ್ತದೆ. ಮುಂದೆ ಮಷೀನ್ ಗನ್ನುಗಳೆಲ್ಲ ಒಟ್ಟಿಗೆ ಅವಳತ್ತ ತಿರುಗಿದಾಗ ಗುರಾಣಿಯ ಹಿಂದೆ ಮಂಡಿಯೂರಿ ಕುಳಿತುಬಿಡುತ್ತಾಳೆ, ಒಂದು ಹೆಜ್ಜೆಯೂ ಮುಂದಿಡಲಾಗದೆ. ಗುಂಡಿನ ಮಳೆಯೆಲ್ಲ ಅವಳೊಬ್ಬಳ ಮೇಲೆ ಬೀಳುತ್ತಿರುವಾಗ ಹಿಂದಿದ್ದವರು ಎದ್ದು ಓಡಲು ದಾರಿಯಾಗುತ್ತದೆ. ಅಷ್ಟು ಹೊತ್ತು ಅವಳು ಯಾರನ್ನೂ ಹೊಡೆದಿರುವುದಿಲ್ಲ. ಬೇರೆಯವರಿಗೆ ಬೀಳಬೇಕಾದ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವುದೇ ಅಲ್ಲಿ ಶೌರ್ಯ. ಡಯಾನಾ ಆಗಿ ನಟಿಸಿದ ಗಾಲ್ ಗಡೋಟ್‌ಳ ಮುಖದಲ್ಲಿ ಆಗ ಕೋಪಕ್ಕಿಂತ ಹೆಚ್ಚಾಗಿ ನೋವು ಕಾಣುತ್ತದೆ. ಇಂಥದೊಂದು ದೃಶ್ಯ ಏಕೆ ಬೇಕೆಂದು ಚಿತ್ರತಂಡದ ಕೆಲವರಿಗೆ ಮೊದಲು ಅರ್ಥವಾಗಿರಲಿಲ್ಲ ಎಂದು ಜೆಂಕಿನ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಟ ಹಿಡಿದು ಉಳಿಸಿಕೊಂಡದ್ದಕ್ಕೆ ಅಭಿಮಾನಿಗಳೆಲ್ಲ ಅವರಿಗೆ ಋಣಿಗಳು.

ಈಗ ಹಗ್ಗಕ್ಕೆ ಬರೋಣ. ಮೊದಲರ್ಧದಲ್ಲಿ ಅದನ್ನು ಚೆನ್ನಾಗಿಯೇ ಬಳಸಿದ್ದಾರೆ. ದ್ವೀಪದಲ್ಲಿ ಸ್ಟೀವ್‌ನ ಬಾಯಿಂದ ತಾನು ಗೂಢಚಾರನೆಂಬ ಮಾತು ಹೊರಬೀಳುತ್ತದೆ. ಲಂಡನ್ನಿನಲ್ಲಿ ಅವನೇ ಹಗ್ಗವನ್ನು ಕೈಗೆ ಸುತ್ತಿಕೊಂಡು, ನಿನ್ನನ್ನು ರಣರಂಗಕ್ಕೆ ಕರೆದೊಯ್ಯುತ್ತೇನೆ, ಬಹುಶಃ ಇಬ್ಬರೂ ಸಾಯುತ್ತೇವೆ ಎನ್ನುತ್ತಾನೆ. ಒಬ್ಬ ಗಂಡಸು ತಾನಾಗಿಯೇ ಸತ್ಯಕ್ಕೆ ಒಪ್ಪಿಸಿಕೊಳ್ಳುವ ಆ ಕ್ಷಣ ಮಾರ್ಸ್‌ಟನ್‌ಗೆ ತುಂಬ ಇಷ್ಟವಾಗುತ್ತಿತ್ತು.

ಕೊನೆಯಲ್ಲಿ ಏರಿಸ್ ಸಿಗುತ್ತಾನೆ. ಡಯಾನಾ ಹಗ್ಗ ಬಿಗಿಯುತ್ತಾಳೆ, ಅವನು ನಿಜ ಹೇಳುತ್ತಾನೆ. ಯುದ್ಧ ನನ್ನದಲ್ಲ, ನಾನು ಕಿವಿಯಲ್ಲಿ ಪಿಸುಗುಟ್ಟಿದೆನಷ್ಟೆ, ವಿಷಾನಿಲವನ್ನೂ ಅಸ್ತ್ರಗಳನ್ನೂ ಮನುಷ್ಯರೇ ಕೈಗೆತ್ತಿಕೊಂಡರು ಎಂಬರ್ಥದ ಮಾತು. ಶತ್ರುವಿನ ಬಾಯಿಂದ, ಸುಳ್ಳಾಡಲು ಬಾರದ ಹಗ್ಗದೊಳಗಿಂದ, ತನ್ನ ನಂಬಿಕೆಯ ಬುಡವನ್ನೇ ಅಲುಗಿಸುವ ಸತ್ಯ ಬಂದಿದೆ. ಇದಕ್ಕಿಂತ ಒಳ್ಳೆಯ ಎತ್ತುಗಡೆ ಈ ಪಾತ್ರಕ್ಕೆ ಯಾವ ಕಥೆಗಾರನೂ ಕೊಡಲಾರ. ಚಿತ್ರ ಅಲ್ಲಿಂದ ಮುಂದೆ ಏನು ಮಾಡುತ್ತದೆ? ಮಿಂಚು, ಬೆಂಕಿ, ಹಾರಾಡುವ ಲೋಹದ ತುಂಡುಗಳು, ಇಬ್ಬರು ದೇವತೆಗಳ ಕುಸ್ತಿ. ಏರಿಸ್ ಸುಟ್ಟುಹೋದ ಕೂಡಲೇ ಜರ್ಮನ್ ಸೈನಿಕರು ಮುಖವಾಡ ತೆಗೆದು, ಕನಸಿನಿಂದ ಎದ್ದವರಂತೆ, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಹಾಗಾದರೆ ಯುದ್ಧ ಅವನದೇ ಆಗಿತ್ತೇ? ಹಗ್ಗದೊಳಗೆ ಅವನಾಡಿದ ಮಾತಿನ ಗತಿಯೇನು? ಹತ್ತು ನಿಮಿಷದ ಹಿಂದೆ ಹೇಳಿದ ಸತ್ಯಕ್ಕೆ ಚಿತ್ರ ಬೆನ್ನು ತಿರುಗಿಸಿದ್ದು ನನಗೆ ಈಗಲೂ ನೋವಿನ ವಿಷಯ. ನಡುವೆ ಒಂದೇ ಒಂದು ಕಡೆ ಹಳೆಯ ಡಯಾನಾ ಕಾಣುತ್ತಾಳೆ: ವಿಷಾನಿಲ ತಯಾರಿಸಿದ ಮಾರು ಕಾಲಡಿಯಲ್ಲಿ ಬಿದ್ದಿರುವಾಗ, ತಲೆಯ ಮೇಲೆತ್ತಿದ ಟ್ಯಾಂಕನ್ನು ಅವಳ ಮೇಲೆ ಹಾಕದೆ ಬಿಡುತ್ತಾಳೆ. ಮಾರು ಓಡಿಹೋಗುತ್ತಾಳೆ. ಆಮೇಲೆ ಅವಳು ಏನಾದಳು ಎಂದು ಚಿತ್ರ ವಿಚಾರಿಸುವುದಿಲ್ಲ. ಮಾರ್ಸ್‌ಟನ್‌ನ ಕಥೆ ಶುರುವಾಗುತ್ತಿದ್ದುದೇ ಅಲ್ಲಿಂದ.

ಹುಟ್ಟಿನ ಕಥೆಯನ್ನು ಬದಲಿಸಿದ್ದೂ ಸಣ್ಣ ವಿಷಯವಲ್ಲ. ಮೂಲದಲ್ಲಿ ರಾಣಿ ಹಿಪ್ಪೊಲಿಟಾ ಜೇಡಿಮಣ್ಣಿನಲ್ಲಿ ಮಗುವನ್ನು ತಿದ್ದುತ್ತಾಳೆ, ದೇವತೆ ಜೀವ ತುಂಬುತ್ತಾಳೆ. ಅಪ್ಪ ಎಂಬುವನು ಇಲ್ಲವೇ ಇಲ್ಲ. 2011ರಲ್ಲಿ ಬ್ರಯನ್ ಅಜರೆಲೊ ಮತ್ತು ಕ್ಲಿಫ್ ಚಿಯಾಂಗ್ ಅವಳನ್ನು ಸ್ಯೂಸ್‌ನ ಮಗಳಾಗಿಸಿದರು. ಅವರ ಕಾಮಿಕ್ಸ್ ಸೊಗಸಾದದ್ದೇ, ಆದರೆ ಚಿತ್ರ ಆ ವಂಶಾವಳಿಯನ್ನು ಎರವಲು ತಂದು ಅವಳ ಬಲಕ್ಕೆ ತಂದೆಯ ರಕ್ತವನ್ನು ಕಾರಣ ಮಾಡಿತು. ಮೊದಲ ಕಥೆಯಲ್ಲಿ ಡಯಾನಾ ಮುಖವಾಡ ತೊಟ್ಟು ಅಮೆಜಾನರ ಪಂದ್ಯಕ್ಕಿಳಿದು, ಕೊನೆಯ ಸುತ್ತಿನಲ್ಲಿ ಗುಂಡುಗಳನ್ನು ಕಡಗದಿಂದ ತಡೆದು, ಹೊರಲೋಕಕ್ಕೆ ಹೋಗುವ ಅಧಿಕಾರವನ್ನು ಗೆದ್ದುಕೊಳ್ಳುತ್ತಾಳೆ. ಚಿತ್ರದಲ್ಲಿ ರಾತ್ರಿ ಗೋಪುರ ಹತ್ತಿ ಕತ್ತಿಯನ್ನೂ ಹಗ್ಗವನ್ನೂ ಕದ್ದು ಹೊರಡುತ್ತಾಳೆ. ದಡ ಬಿಟ್ಟ ಮೇಲೆ ಅವಳ ಸುತ್ತ ಇರುವವರು ಹೆಚ್ಚುಕಡಿಮೆ ಗಂಡಸರೇ. ಕಾಮಿಕ್ಸ್‌ನಲ್ಲಿ ಕಾಲೇಜು ಹುಡುಗಿಯರ ದಂಡು ಕಟ್ಟಿಕೊಂಡು ನಾಜಿಗಳ ಮೇಲೆ ಬೀಳುತ್ತಿದ್ದ ಎಟ್ಟಾ ಕ್ಯಾಂಡಿ ಲಂಡನ್ನಿನ ಕಚೇರಿಯಲ್ಲಿ ಉಳಿದುಬಿಡುತ್ತಾಳೆ. 1918 ಬ್ರಿಟನ್ನಿನಲ್ಲಿ 30 ವರ್ಷ ದಾಟಿದ ಅನೇಕ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕ ವರ್ಷ. ಸರಪಳಿಯ ನಿಜವಾದ ಚರಿತ್ರೆ ಕಾಲಡಿಯಲ್ಲೇ ಬಿದ್ದಿತ್ತು, ಚಿತ್ರ ಅದನ್ನು ಒಂದೆರಡು ಲಘು ಸಂಭಾಷಣೆಗಳಲ್ಲಿ ಮುಗಿಸಿತು.

ಇದಕ್ಕೆ ಹೋಲಿಸಿದರೆ 1975ರಿಂದ 1979ರವರೆಗೆ ಲಿಂಡಾ ಕಾರ್ಟರ್ ನಟಿಸಿದ ಟಿ.ವಿ. ಸರಣಿಯ ಸೆಟ್ಟುಗಳು ಬಡಕಲು, ಹೊಡೆದಾಟಗಳು ಪೇಲವ. ಆದರೂ ಹಳಬರು ಇವತ್ತಿಗೂ ಅವಳನ್ನು ಬಿಟ್ಟುಕೊಡುವುದಿಲ್ಲ. ಎದುರಾಳಿಯನ್ನು ಮನುಷ್ಯನೆಂದು ನೋಡುವ ಮೃದುತ್ವ ಅವಳ ಕಣ್ಣಿನಲ್ಲಿತ್ತು.

‘ವಂಡರ್ ವುಮನ್ 1984’ ತಪ್ಪುಗಳಿಂದ ತುಂಬಿದ ಚಿತ್ರ, ಒಪ್ಪುತ್ತೇನೆ. ಎರಡೂವರೆ ಗಂಟೆಯ ಉದ್ದ, ಸಡಿಲ ಕಥೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಮೊದಲ ಚಿತ್ರದಲ್ಲಿ ಸತ್ತ ಡಯಾನಾಳ ಪ್ರಿಯಕರ ಸ್ಟೀವ್ ಅವಳ ಕೋರಿಕೆಯಿಂದ ಯಾರೋ ಒಬ್ಬ ಅಪರಿಚಿತನ ದೇಹದಲ್ಲಿ ಮರಳಿ ಬರುವುದು. ಆ ಮನುಷ್ಯನ ಬದುಕು, ಅವನ ಸಮ್ಮತಿ ಇವುಗಳ ಬಗ್ಗೆ ಡಯಾನಾ ಒಂದು ಮಾತೂ ಆಡುವುದಿಲ್ಲ. ಸತ್ಯವನ್ನೇ ಆಯುಧ ಮಾಡಿಕೊಂಡ ನಾಯಕಿಗೆ ಇದು ದೊಡ್ಡ ಕಳಂಕ, ಬರೆದವರು ಗಮನಿಸಬೇಕಿತ್ತು.

ಅಷ್ಟಾದರೂ ಅದರ ಕೊನೆಯ ಹದಿನೈದು ನಿಮಿಷಗಳನ್ನು ನಾನು ಮೊದಲ ಚಿತ್ರದ ಕೊನೆಗಿಂತ ಮೇಲಿಡುತ್ತೇನೆ. ಕಾರಣ ಹೇಳಲು 2005ರ ಕಾಮಿಕ್ಸ್‌ಗೆ ಹೋಗಬೇಕು. ಗ್ರೆಗ್ ರಕಾ ಬರೆದ ಆ ಸಂಚಿಕೆಯಲ್ಲಿ ಖಳ ಮ್ಯಾಕ್ಸ್‌ವೆಲ್ ಲಾರ್ಡ್ ಸೂಪರ್‌ಮ್ಯಾನ್‌ನ ಮನಸ್ಸನ್ನು ವಶಪಡಿಸಿಕೊಂಡಿರುತ್ತಾನೆ. ಡಯಾನಾ ಅವನಿಗೆ ಹಗ್ಗ ಬಿಗಿದು, ಇದನ್ನು ನಿಲ್ಲಿಸುವುದು ಹೇಗೆ ಎಂದು ಕೇಳುತ್ತಾಳೆ. ನನ್ನನ್ನು ಕೊಲ್ಲಬೇಕು ಎಂಬ ಉತ್ತರ ಬರುತ್ತದೆ. ಅವಳು ಅವನ ಕತ್ತು ಮುರಿಯುತ್ತಾಳೆ. ಬರವಣಿಗೆ ಬಿಗಿಯಾಗಿದೆ, ತರ್ಕ ಪಕ್ಕಾ ಇದೆ. ಆದರೆ ಸತ್ಯದ ಹಗ್ಗ ಅಲ್ಲಿ ನೇಣಿನ ಕೆಲಸ ಮಾಡಿತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಜೆಂಕಿನ್ಸ್ ಅದೇ ಮ್ಯಾಕ್ಸ್‌ನನ್ನೂ ಅದೇ ಹಗ್ಗವನ್ನೂ ಎದುರುಬದುರು ನಿಲ್ಲಿಸಿ ಬೇರೆ ಉತ್ತರ ಹುಡುಕಿದರು. ಜನರ ಆಸೆಗಳನ್ನೆಲ್ಲ ಈಡೇರಿಸುತ್ತ ಲೋಕವನ್ನೇ ನಾಶದಂಚಿಗೆ ತಂದ ಮ್ಯಾಕ್ಸ್ ಜಗತ್ತಿಗೆಲ್ಲ ಪ್ರಸಾರವಾಗುವ ಕಿರಣದ ನಡುವೆ ನಿಂತಿದ್ದಾನೆ. ಡಯಾನಾಗೆ ಅವನ ಹತ್ತಿರವೂ ಹೋಗಲಾಗುತ್ತಿಲ್ಲ. ಅವನ ಕಾಲಿಗೆ ಹಗ್ಗ ಸುತ್ತಿ, ನೆಲದ ಮೇಲೆ ಕುಸಿದ ಸ್ಥಿತಿಯಲ್ಲೇ, ಅವನ ಮೂಲಕ ಎಲ್ಲರೊಂದಿಗೆ ಮಾತಾಡುತ್ತಾಳೆ. ನೀವು ಬೇಡಿ ಪಡೆದದ್ದಕ್ಕೆ ಏನು ತೆತ್ತಿದ್ದೀರಿ ನೋಡಿ, ಬಿಟ್ಟುಕೊಡಿ ಎನ್ನುತ್ತಾಳೆ. ತಾನು ಸ್ಟೀವ್‌ನನ್ನು ಆಗಲೇ ಬಿಟ್ಟುಕೊಟ್ಟು ಬಂದವಳಾದ್ದರಿಂದ ಆ ಮಾತಿಗೆ ತೂಕ ಇದೆ. ಹಗ್ಗ ಮ್ಯಾಕ್ಸ್‌ನಿಗೆ ಅವನದೇ ಬಾಲ್ಯದ ಅವಮಾನಗಳನ್ನೂ, ಎಲ್ಲೋ ರಸ್ತೆಯಲ್ಲಿ ಅಪ್ಪನಿಗಾಗಿ ಅಳುತ್ತಿರುವ ಮಗನನ್ನೂ ತೋರಿಸುತ್ತದೆ. ಅವನು ಎಲ್ಲವನ್ನೂ ಬಿಟ್ಟು ಮಗನ ಕಡೆಗೆ ಓಡುತ್ತಾನೆ. ಪೆಡ್ರೊ ಪಾಸ್ಕಲ್ ಆ ಕುಸಿತವನ್ನು ಮನಮುಟ್ಟುವಂತೆ ಅಭಿನಯಿಸಿದ್ದಾರೆ. ಸೂಪರ್‌ಹೀರೊ ಚಿತ್ರವೊಂದರ ಕೊನೆಯಲ್ಲಿ ಖಳ ಸಾಯದೆ, ಸೆರೆಗೂ ಹೋಗದೆ, ತಪ್ಪೊಪ್ಪಿಕೊಂಡು ಅಪ್ಪನಾಗುವುದು ಅಪರೂಪ. ಅನೇಕರಿಗೆ ಅದು ಪೇಲವ ಎನಿಸಿತು. ಮಾರ್ಸ್‌ಟನ್‌ನ ಡಯಾನಾ ಹೆಚ್ಚುಕಡಿಮೆ ಇಡಿಯಾಗಿ ತೆರೆಯ ಮೇಲೆ ಬಂದದ್ದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಜೆಂಕಿನ್ಸ್ ಮಾಡಬೇಕಿದ್ದ ಮೂರನೇ ಚಿತ್ರ 2022ರಲ್ಲಿ ನಿಂತುಹೋಯಿತು. ಮುಂದೆ ಯಾರೇ ಕೈ ಹಚ್ಚಲಿ, ಅವರು ಪೌಲಾ ಫಾನ್ ಗುಂಥರ್‌ಳ ಕಥೆಯನ್ನು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಈ ನಾಜಿ ಗೂಢಚಾರಿಣಿ ಡಯಾನಾಳ ಮೊದಮೊದಲ ಶತ್ರುಗಳಲ್ಲಿ ಒಬ್ಬಳು. ತನ್ನ ಪುಟ್ಟ ಮಗಳು ನಾಜಿಗಳ ವಶದಲ್ಲಿದ್ದುದರಿಂದಲೇ ಅವಳು ಅವರ ಕೆಲಸ ಮಾಡುತ್ತಿದ್ದಳೆಂಬುದು ಆಮೇಲೆ ತಿಳಿಯುತ್ತದೆ. ಡಯಾನಾ ಹೋಗಿ ಆ ಮಗುವನ್ನು ಬಿಡಿಸಿ ತರುತ್ತಾಳೆ. ಮುಂದೆ ಬೆಂಕಿಯಲ್ಲಿ ಸಿಕ್ಕ ಡಯಾನಾಳನ್ನು ಉಳಿಸಲು ಹೋಗಿ ಪೌಲಾ ತನ್ನ ಮುಖ ಸುಟ್ಟುಕೊಳ್ಳುತ್ತಾಳೆ, ಹಳೆಯ ಅಪರಾಧಗಳಿಗಾಗಿ ನ್ಯಾಯಾಲಯದ ಕಟಕಟೆ ಏರುತ್ತಾಳೆ, ಅವಳ ಪರವಾಗಿ ನಿಲ್ಲುವವಳು ಡಯಾನಾಳೇ. 1943ರ ಮಕ್ಕಳ ಪತ್ರಿಕೆಯೊಂದರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗ, ಶತ್ರುದೇಶದ ಹೆಣ್ಣೊಬ್ಬಳನ್ನು ಹೀಗೆ ಬರೆದಿದ್ದರು. ತಪ್ಪು ಮಾಡಿದವಳಿಗೆ ಕ್ಷಮೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ, ಸತ್ತವರಿಗೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಆ ಹಳೆಯ ಪುಟಗಳು ಅವಸರದಲ್ಲಿ ದಾಟಿಬಿಟ್ಟಿವೆ. ಎರಡು ಗಂಟೆಯ ಚಿತ್ರಕ್ಕೆ ಅವುಗಳ ಮುಂದೆ ನಿಲ್ಲುವಷ್ಟು ಜಾಗ ಇದೆ. ಎಲಿನಾ ಅನಾಯಾ ಅಷ್ಟು ಚೆನ್ನಾಗಿ ಅಭಿನಯಿಸಿದ ಮಾರುವನ್ನೇ ಬೇಕಾದರೆ ಮರಳಿ ಕರೆತರಬಹುದು, ಟ್ಯಾಂಕಿನ ಕೆಳಗಿಂದ ಎದ್ದು ಓಡಿದ ಮೇಲೆ ಅವಳು ಎಲ್ಲಿಗೆ ಹೋದಳು ಎಂಬಲ್ಲಿಂದ.